ಬಣ್ಣದ ಫಿಲ್ಮಿಗೆ ಮನೆಯ ರಸಾಯನ: ನಿಖರತೆ ಬೇಕಾದದ್ದು ಎಲ್ಲಿ?

ಫಿಲ್ಮ್ ಕ್ಯಾಮೆರಾ ಹಿಡಿದವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಕಪ್ಪು-ಬಿಳುಪಿನ ಡೆವಲಪರನ್ನು ಮನೆಯಲ್ಲಿ ಬೆರೆಸಿಕೊಳ್ಳಬಹುದು, ಬಣ್ಣದ್ದನ್ನು ಮಾತ್ರ ಬೆರೆಸಿಕೊಳ್ಳಲಾಗದು ಎಂಬುದು ಆ ನಂಬಿಕೆ. ಮೆಟಾಲ್, ಸಲ್ಫೈಟ್, ಹೈಡ್ರೊಕ್ವಿನೋನ್, ಬೊರಾಕ್ಸ್ ತೂಗಿ ಡಿ-76 ತಯಾರಿಸಲು ಯಾರೂ ಅಂಜುವುದಿಲ್ಲ. 1920ರ ದಶಕದಿಂದ ಆ ಸೂತ್ರ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿದೆ. ಬಣ್ಣದ ನೆಗೆಟಿವ್ ತೊಳೆಯುವ ಸಿ-41 ದ್ರಾವಣವನ್ನೂ ಹೀಗೇ ತೂಗಿ ಬೆರೆಸಬಹುದಲ್ಲ ಎಂದು ಅದೇ ವ್ಯಕ್ತಿಯನ್ನು ಕೇಳಿದರೆ, ‘ಅದು ಲ್ಯಾಬಿನ ಕೆಲಸ’ ಎಂಬ ಉತ್ತರ ಬರುತ್ತದೆ. ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ದ್ರಾವಣ ಬೆರೆಸುವುದು, ಅದನ್ನು ಬಳಸುವುದು, ಅದನ್ನು ತಿಂಗಳುಗಟ್ಟಲೆ ಒಂದೇ ಸ್ಥಿತಿಯಲ್ಲಿ ಕಾಪಾಡುವುದು ಎಂಬ ಮೂರು ಬೇರೆ ಬೇರೆ ಕೆಲಸಗಳನ್ನು ಅದು ಒಂದೇ ಗಂಟಿನಲ್ಲಿ ಕಟ್ಟಿಹಾಕಿದೆ. ಗಂಟನ್ನು ಬಿಚ್ಚಿ ನೋಡಿದರೆ, ಜನ ಹೆದರುವ ಜಾಗದಲ್ಲಿ ಹೆದರಿಕೆಗೆ ಕಾರಣ ಕಡಿಮೆ, ಹೆದರಬೇಕಾದ ಜಾಗದ ಬಗ್ಗೆ ಮಾತೇ ಇಲ್ಲ ಎಂಬುದು ಗೊತ್ತಾಗುತ್ತದೆ.

ನಂಬಿಕೆಯ ಪರವಾಗಿ ಇರುವ ವಾದವನ್ನು ಮೊದಲು ಪೂರ್ತಿಯಾಗಿ ಕೇಳೋಣ. ಬಣ್ಣದ ನೆಗೆಟಿವ್ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಸ್ಪಂದಿಸುವ ಪದರಗಳು ಒಂದರ ಕೆಳಗೊಂದು ಇರುತ್ತವೆ. ಡೆವಲಪರ್ ಮೇಲಿನ ನೀಲಿ ಪದರವನ್ನು ಮೊದಲು ಮುಟ್ಟಿ, ತಳದ ಕೆಂಪು ಪದರಕ್ಕೆ ಕೊನೆಯಲ್ಲಿ ಇಳಿಯುತ್ತದೆ. ಮೂರೂ ಪದರಗಳಲ್ಲಿ ಚಿತ್ರ ಸಮನಾಗಿ ಬೆಳೆಯುವ ಒಂದು ಸ್ಥಿತಿಯನ್ನು ಹಿಡಿದೇ ಫಿಲ್ಮನ್ನು ರೂಪಿಸಿದ್ದಾರೆ. 1972ರಲ್ಲಿ ಬಂದ ಸಿ-41ರ ಪ್ರಕಾರ ಆ ಸ್ಥಿತಿ ಎಂದರೆ 37.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 3 ನಿಮಿಷ 15 ಸೆಕೆಂಡು ಸಮಯ. ಉಷ್ಣತೆಯ ಏರುಪೇರು 0.15 ಡಿಗ್ರಿಯನ್ನು ಮೀರುವಂತಿಲ್ಲ. ದ್ರಾವಣದ ಪಿಎಚ್ 10ರಿಂದ 10.1ರ ಆಸುಪಾಸಿನಲ್ಲಿ ನಿಲ್ಲಬೇಕು. ಚಾಲ್ತಿಯಲ್ಲಿರುವ ಸೂತ್ರಗಳಲ್ಲಿ ಲೀಟರಿಗೆ 2 ಮಿಲಿಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಎಂದು ಬರೆದಿರುತ್ತದೆ. ಅಡುಗೆಮನೆಯ ತಕ್ಕಡಿಯ ಮುಳ್ಳು ಅಲುಗಾಡದಷ್ಟು ಪ್ರಮಾಣ ಅದು. ಇಷ್ಟರ ಮೇಲೆ ಅಸಲಿ ಸೂತ್ರ ಕಂಪನಿಯ ಗುಟ್ಟು, ಒಳಗಿರುವ ವಸ್ತುಗಳು ವಿಷ, ತಪ್ಪಿದರೆ ಹೋದ ಚಿತ್ರ ಮತ್ತೆ ಸಿಗುವುದಿಲ್ಲ ಎಂಬ ಮಾತುಗಳೂ ಸೇರುತ್ತವೆ. ಇದರಲ್ಲಿ ಹಗುರವಾಗಿ ತಳ್ಳಿಹಾಕುವಂಥದ್ದು ಒಂದೂ ಇಲ್ಲ. ಪ್ರತಿಯೊಂದನ್ನೂ ಅದರದೇ ತೂಕದಲ್ಲಿ ನೋಡಬೇಕು.

ಬಣ್ಣ ಹುಟ್ಟುವುದು ಎಲ್ಲಿ ಎಂಬುದರಿಂದ ಶುರುಮಾಡೋಣ. ದ್ರಾವಣದಲ್ಲಿ ಬಣ್ಣವಿದೆ, ಅದು ಫಿಲ್ಮಿಗೆ ಹತ್ತುತ್ತದೆ ಎಂಬ ಅಸ್ಪಷ್ಟ ಕಲ್ಪನೆ ಹಲವರಲ್ಲಿದೆ. ನಡೆಯುವುದೇ ಬೇರೆ. ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಡೆವಲಪರ್ ಲೋಹದ ಬೆಳ್ಳಿಯಾಗಿಸುತ್ತದೆ. ಹಾಗೆ ಮಾಡುವಾಗ ತಾನು ಉತ್ಕರ್ಷಣೆಗೊಳ್ಳುತ್ತದೆ. ಉತ್ಕರ್ಷಣೆಗೊಂಡ ಆ ಅಣು ಪದರದಲ್ಲೇ ಕಾದು ಕುಳಿತಿರುವ ಕಪ್ಲರ್ ಎಂಬ ವಸ್ತುವಿನೊಂದಿಗೆ ಕೂಡಿದಾಗ ಬಣ್ಣ ಮೂಡುತ್ತದೆ: ಕೆಂಪು ಪದರದಲ್ಲಿ ಸಯಾನ್, ಹಸಿರಿನಲ್ಲಿ ಮೆಜೆಂಟಾ, ನೀಲಿಯಲ್ಲಿ ಹಳದಿ. ಜರ್ಮನಿಯ ರುಡಾಲ್ಫ್ ಫಿಶರ್ 1912ರ ಹೊತ್ತಿಗೇ ಪೇಟೆಂಟ್ ಪಡೆದಿದ್ದ ತತ್ತ್ವ ಇದು. ಕಪ್ಲರುಗಳು ಪದರದಿಂದ ಪದರಕ್ಕೆ ಹರಿದಾಡದಂತೆ ಕಟ್ಟಿಹಾಕುವುದೇ ದೊಡ್ಡ ತೊಡಕಾಗಿತ್ತು. 1936ರಲ್ಲಿ ಆಗ್ಫಾ ಕಂಪನಿ ಅದನ್ನು ಬಿಡಿಸಿತು. ಬಣ್ಣದ ಫಿಲ್ಮಿನ ಅತಿ ಕಷ್ಟದ ರಸಾಯನಶಾಸ್ತ್ರವೆಲ್ಲ ಎಮಲ್ಷನ್ನಿನ ಒಳಗೆ, ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಹೊರಗಿನಿಂದ ಸುರಿಯುವ ಡೆವಲಪರಿನ ಮುಖ್ಯ ವಸ್ತು ಸಿಡಿ-4 ಎಂಬ ಒಂದೇ ಒಂದು. ಉಳಿದವು ಕಾರ್ಬೊನೇಟ್, ಸಲ್ಫೈಟ್, ಬ್ರೋಮೈಡಿನಂಥ ಪರಿಚಿತ ಲವಣಗಳು.

ಇದಕ್ಕೆ ಒಂದು ನಿಜವಾದ ಅಪವಾದವಿತ್ತು. 1935ರಲ್ಲಿ ಬಂದ ಕೊಡಕ್ರೋಮ್ ಫಿಲ್ಮಿನಲ್ಲಿ ಕಪ್ಲರುಗಳು ಇರಲೇ ಇಲ್ಲ, ಅವು ಡೆವಲಪರುಗಳಲ್ಲಿದ್ದವು. ಮೂರು ಬಣ್ಣಕ್ಕೆ ಮೂರು ಪ್ರತ್ಯೇಕ ಡೆವಲಪರ್, ನಡುನಡುವೆ ಬಣ್ಣದ ಬೆಳಕಿಗೆ ಮರು ಒಡ್ಡುವ ಹಂತಗಳು, ಎಲ್ಲಕ್ಕೂ ದೊಡ್ಡ ಯಂತ್ರ. ಅದು ಲ್ಯಾಬಿನ ಕೆಲಸವೇ ಆಗಿತ್ತು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಡ್ವೇನ್ಸ್ ಫೋಟೊ ಎಂಬ ಲ್ಯಾಬು 2010ರ ಡಿಸೆಂಬರ್ ಕೊನೆಯಲ್ಲಿ ಕೊನೆಯ ರೋಲುಗಳನ್ನು ತೆಗೆದುಕೊಂಡ ಮೇಲೆ ಆ ಅಧ್ಯಾಯವೇ ಮುಗಿಯಿತು. ಬಣ್ಣವೆಂದರೆ ಮನೆಗೆ ನಿಲುಕದ್ದು ಎಂಬ ಭಾವನೆಯ ಒಂದು ಬೇರು ಇಲ್ಲಿರಬೇಕೆಂದು ನನ್ನ ಊಹೆ. ಆದರೆ ಕೊಡಕ್ ಕಂಪನಿಯೇ 1946ರಲ್ಲಿ ಎಕ್ಟಾಕ್ರೋಮ್ ಫಿಲ್ಮನ್ನು ಛಾಯಾಗ್ರಾಹಕರು ತಾವೇ ತೊಳೆದುಕೊಳ್ಳಲೆಂದು ಕಿಟ್ ಸಮೇತ ಮಾರುಕಟ್ಟೆಗೆ ತಂದಿತ್ತು.

ಗುಟ್ಟಿನ ಮಾತಿಗೂ ಹೆಚ್ಚು ಬಲವಿಲ್ಲ. ಅಮೆರಿಕದಲ್ಲಿ ಕೊಡಕ್ ಬಹುಕಾಲ ಫಿಲ್ಮಿನ ಬೆಲೆಯಲ್ಲೇ ತೊಳೆಯುವ ಬೆಲೆಯನ್ನೂ ಸೇರಿಸಿ ಮಾರುತ್ತಿತ್ತು. ಅಲ್ಲಿನ ಸರ್ಕಾರ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ 1954ರಲ್ಲಿ ಒಪ್ಪಂದಕ್ಕೆ ಬಂದು ಅದನ್ನು ಕೈಬಿಟ್ಟಿತು, ಸಂಸ್ಕರಣೆಯ ತಿಳಿವಳಿಕೆಯನ್ನು ಇತರ ಲ್ಯಾಬುಗಳಿಗೂ ಕೊಡಬೇಕಾಯಿತು. 1970ರ ದಶಕದಲ್ಲಿ ಬ್ರಿಟಿಷ್ ಜರ್ನಲ್ ಆಫ್ ಫೊಟೋಗ್ರಫಿಯ ವಾರ್ಷಿಕ ಸಂಪುಟಗಳು ಬಣ್ಣದ ಸಂಸ್ಕರಣೆಗಳಿಗೆ ಬದಲಿ ಸೂತ್ರಗಳನ್ನು ಅಚ್ಚುಹಾಕುತ್ತಿದ್ದವು. ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿನಿಮಾದ್ದು. ಸಿನಿಮಾ ನೆಗೆಟಿವ್ ತೊಳೆಯುವ ಇಸಿಎನ್-2 ಸಂಸ್ಕರಣೆಯ ಡೆವಲಪರ್ ಸೂತ್ರವನ್ನು ಕೊಡಕ್ ತನ್ನ ಕೈಪಿಡಿಯಲ್ಲಿ ಬಹಿರಂಗವಾಗಿ ಕೊಟ್ಟಿದೆ: ಲೀಟರಿಗೆ ಮುಖ್ಯ ವಸ್ತು ಸಿಡಿ-3 ಎಂಬುದು 4 ಗ್ರಾಂ, ಸೋಡಿಯಂ ಕಾರ್ಬೊನೇಟ್ 25.6 ಗ್ರಾಂ, ಬೈಕಾರ್ಬೊನೇಟ್ 2.7 ಗ್ರಾಂ, ಸಲ್ಫೈಟ್ 2 ಗ್ರಾಂ, ಸೋಡಿಯಂ ಬ್ರೋಮೈಡ್ 1.2 ಗ್ರಾಂ, ಜೊತೆಗೆ ಸುಣ್ಣದ ಅಂಶ ತಡೆಯುವ ಒಂದು ದ್ರಾವಣ. ಕೋಟಿಗಟ್ಟಲೆ ಹಣ ಸುರಿದು ತೆಗೆದ ಚಿತ್ರಗಳ ನೆಗೆಟಿವ್ ಇಂಥ ಲ್ಯಾಬ್‌ನಲ್ಲಿ ಬೆರೆಸಿದ ದ್ರಾವಣಗಳಲ್ಲೇ ಸಂಸ್ಕರಣೆಗೊಂಡಿವೆ. ಕಂಪನಿಗಳ ಬಳಿ ನಿಜವಾದ ಗುಟ್ಟು ಇಲ್ಲವೆಂದಲ್ಲ. ಸಾಂದ್ರೀಕೃತ ದ್ರವವನ್ನು ಬಾಟಲಿಯಲ್ಲಿ ತುಂಬಿ, ಹಡಗಿನಲ್ಲಿ ಕಳಿಸಿ, ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂರಿಸಿದರೂ ಅದು ಕೆಡದಂತೆ, ಹರಳುಗಟ್ಟದಂತೆ ಇರಿಸುವುದು ದೊಡ್ಡ ವಿದ್ಯೆ. ಬೆರೆಸಿದ ದಿನವೇ ಬಳಸುವವನಿಗೆ ಆ ವಿದ್ಯೆ ಬೇಕಾಗಿಲ್ಲ.

ಲ್ಯಾಬಿನ ನಿಖರತೆ ಎಂಬ ಮಾತನ್ನು ಇನ್ನಷ್ಟು ಬಿಡಿಸಿ ನೋಡಬೇಕು, ಏಕೆಂದರೆ ಇಡೀ ನಂಬಿಕೆ ನಿಂತಿರುವುದು ಅದರ ಮೇಲೆ. ಲ್ಯಾಬಿನ ಯಂತ್ರದಲ್ಲಿ ಡೆವಲಪರನ್ನು ದಿನವೂ ಚೆಲ್ಲುವುದಿಲ್ಲ. ಪ್ರತಿ ರೋಲಿಗೂ ಇಂತಿಷ್ಟು ಮಿಲಿಲೀಟರ್ ಹೊಸ ದ್ರಾವಣ ಒಳಗೆ ಬರುತ್ತದೆ, ಅಷ್ಟೇ ಹಳತು ಹೊರಗೆ ಹರಿಯುತ್ತದೆ. ಫಿಲ್ಮು ಬಿಟ್ಟುಕೊಡುವ ಬ್ರೋಮೈಡ್ ಒಂದೆಡೆ ಏರುತ್ತಿರುತ್ತದೆ, ಸಿಡಿ-4 ಒಂದೆಡೆ ಇಳಿಯುತ್ತಿರುತ್ತದೆ, ಗಾಳಿ ತಾಗಿ ಸಲ್ಫೈಟ್ ಸವೆಯುತ್ತಿರುತ್ತದೆ. ಇವೆಲ್ಲ ಒಂದನ್ನೊಂದು ಸರಿದೂಗಿಸಿ ತಿಂಗಳುಗಟ್ಟಲೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಅದಕ್ಕೇ ಅಲ್ಲಿ ನಿತ್ಯ ಕಂಟ್ರೋಲ್ ಸ್ಟ್ರಿಪ್ ಓಡಿಸಿ, ಡೆನ್ಸಿಟೊಮೀಟರಿನಲ್ಲಿ ಓದಿ, ನಕ್ಷೆ ಹಾಕುವ ಶಿಸ್ತು. ಈ ಶಿಸ್ತು ಬೇಕಾದದ್ದು ಹರಿಯುತ್ತಿರುವ ದ್ರಾವಣಕ್ಕೆ. ಮನೆಯಲ್ಲಿ ಅರ್ಧ ಲೀಟರ್ ಬೆರೆಸಿ, ಒಂದೆರಡು ರೋಲು ತೊಳೆದು, ಚೆಲ್ಲುವವನ ದ್ರಾವಣಕ್ಕೆ ಇತಿಹಾಸವೇ ಇಲ್ಲ. ಅವನು ಪ್ರತಿ ಸಲವೂ ಆರಂಭದ ಬಿಂದುವಿನಲ್ಲೇ ಇರುತ್ತಾನೆ. ಸಿ-41ರ ಅತಿ ಜಟಿಲ ಭಾಗ ಅವನಿಗೆ ಎದುರಾಗುವುದೇ ಇಲ್ಲ. ಇದರ ಇನ್ನೊಂದು ಮುಖವೂ ಇದೆ. ಮರುಪೂರಣದ ಲೆಕ್ಕ ದಿನಕ್ಕೆ ಇಷ್ಟು ರೋಲು ಬರುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ರೋಲುಗಳು ವಾರಕ್ಕೆ ನಾಲ್ಕೈದಕ್ಕೆ ಇಳಿದಾಗ ತೊಟ್ಟಿಯ ದ್ರಾವಣ ಗಾಳಿಗೆ ಕಂದುತ್ತಾ, ಆವಿಯಾಗುತ್ತಾ ಕೂರುತ್ತದೆ. ಲ್ಯಾಬಿನ ನಿಖರತೆ ಎಂಬುದು ಬಹುಮಟ್ಟಿಗೆ ಜನಸಂದಣಿಯ ನಿಖರತೆ. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬೀದಿಗೊಂದಿದ್ದ ಕಲರ್ ಲ್ಯಾಬುಗಳು ಫಿಲ್ಮನ್ನು ಬಿಟ್ಟು ಡಿಜಿಟಲ್ ಮುದ್ರಣಕ್ಕೆ ಸರಿದಿರುವ ಈ ಕಾಲದಲ್ಲಿ, ಹಳೆಯ ತೊಟ್ಟಿಗಿಂತ ಈಗ ತಾನೆ ಬೆರೆಸಿದ ದ್ರಾವಣವೇ ನಿಯಮಕ್ಕೆ ಹತ್ತಿರವಿರುವ ಸಾಧ್ಯತೆ ಕಡಿಮೆಯೇನಲ್ಲ.

ಹಾಗಿದ್ದರೆ ಮನೆಯಲ್ಲಿ ನಿಖರತೆ ಬೇಡವೇ? ಬೇಕು. ಆದರೆ ಅದು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಬೇಕಿಲ್ಲ.

1. ತೂಕ. ಜನ ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ. ಇದೇ ಎಲ್ಲಕ್ಕಿಂತ ಸುಲಭ. ಲೀಟರಿಗೆ ಬೇಕಾದ ಸಿಡಿ-4 ಸುಮಾರು 4.75 ಗ್ರಾಂ. 0.01 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆಯಾದರೂ ತಪ್ಪು ಶೇ 0.2ರಷ್ಟು ಮಾತ್ರ. ಭಯ ಹುಟ್ಟಿಸುವ 2 ಮಿಲಿಗ್ರಾಂ ಅಯೊಡೈಡನ್ನು ಯಾರೂ ತೂಗುವುದಿಲ್ಲ, ಅಳೆಯುತ್ತಾರೆ: 1 ಗ್ರಾಂ ಅಯೊಡೈಡನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟರೆ ಅದರ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುತ್ತದೆ; ಸಿರಿಂಜಿನಲ್ಲಿ 2 ಮಿಲಿಲೀಟರ್ ಎಳೆದು ಹಾಕಿದರೆ ಕೆಲಸ ಮುಗಿಯಿತು. ತೂಕದಲ್ಲಿ ನಿಜವಾದ ಎಡವಟ್ಟು ಆಗುವುದು ಬೇರೆ ಕಡೆ, ಡಬ್ಬಿಯ ಮೇಲಿನ ಚೀಟಿಯಲ್ಲಿ. ನೀರಿನ ಅಂಶವಿಲ್ಲದ ಸೋಡಿಯಂ ಕಾರ್ಬೊನೇಟ್ ಎಂದು ಸೂತ್ರ ಹೇಳಿದಾಗ ಅಂಗಡಿಯ ವಾಷಿಂಗ್ ಸೋಡಾ ಹರಳನ್ನು ಅದೇ ತೂಕದಲ್ಲಿ ಹಾಕಿದರೆ, ಹರಳಿನ ತೂಕದಲ್ಲಿ ಕಾರ್ಬೊನೇಟ್ ಇರುವುದು ಶೇ 37ರಷ್ಟು ಮಾತ್ರ. ಎಷ್ಟು ಒಳ್ಳೆಯ ತಕ್ಕಡಿಯಾದರೂ ಈ ತಪ್ಪನ್ನು ತೋರಿಸಿಕೊಡುವುದಿಲ್ಲ.

2. ಸಲ್ಫೈಟ್ ಮತ್ತು ಪಿಎಚ್. ಕಪ್ಪು-ಬಿಳುಪಿನಲ್ಲಿ ಪಳಗಿದ ಕೈ ಇಲ್ಲೇ ಮೋಸಹೋಗುವುದು. ಡಿ-76ರಲ್ಲಿ ಲೀಟರಿಗೆ 100 ಗ್ರಾಂ ಸಲ್ಫೈಟ್. 2 ಗ್ರಾಂ ಹೆಚ್ಚುಕಡಿಮೆಯಾದರೆ ಏನೂ ಆಗದು. ಸಿ-41 ಡೆವಲಪರಿನಲ್ಲಿ ಇರುವುದೇ ಸುಮಾರು 4 ಗ್ರಾಂ. ಅಷ್ಟು ಕಡಿಮೆ ಇರುವುದಕ್ಕೆ ಕಾರಣವಿದೆ. ಉತ್ಕರ್ಷಣೆಗೊಂಡ ಡೆವಲಪರ್ ಕಪ್ಲರನ್ನು ಕೂಡಿದರೆ ಬಣ್ಣ. ಅದನ್ನೇ ಸಲ್ಫೈಟ್ ಹಿಡಿದುಕೊಂಡರೆ ಬಣ್ಣವಿಲ್ಲ. ಸಲ್ಫೈಟ್ ಇಲ್ಲಿ ದ್ರಾವಣವನ್ನು ಕಾಪಾಡುವ ಕಾವಲುಗಾರನೂ ಹೌದು, ಬಣ್ಣದ ಪಾಲನ್ನು ಕಸಿಯುವ ಸ್ಪರ್ಧಿಯೂ ಹೌದು. 2 ಗ್ರಾಂ ಹೆಚ್ಚಾದರೆ ಬಣ್ಣ ಸೊರಗುತ್ತದೆ. ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಡಬ್ಬಿಯ ಸಲ್ಫೈಟ್ ಅರ್ಧ ಸಲ್ಫೇಟಾಗಿ ಹೋಗಿದ್ದರೆ ಅದೇ ತೂಕ ಸಾಲದೆ ಬರುತ್ತದೆ. ಸಲ್ಫೈಟ್ ಹೆಚ್ಚಿಸಲಾಗದು ಎಂದೇ ಕಾವಲಿಗೆ ಹೈಡ್ರಾಕ್ಸಿಲಮೀನ್ ಸಲ್ಫೇಟನ್ನು ಸೇರಿಸಿದ್ದಾರೆ. ಅದನ್ನು ಬಿಟ್ಟು ಸಲ್ಫೈಟನ್ನೇ ಎರಡರಷ್ಟು ಹಾಕುವ ‘ಸರಳ’ ಸೂತ್ರಗಳನ್ನು ಈ ಕಾರಣಕ್ಕೇ ನಂಬಬಾರದು. ಪಿಎಚ್ ಕೂಡ ಹೀಗೆಯೇ. ಬಣ್ಣ ಬದಲಿಸುವ ಪಟ್ಟಿಯಿಂದ ಅದು 10ರ ಹತ್ತಿರ ಇದೆಯೆಂದು ತಿಳಿಯಬಹುದು, 10.0 ಮತ್ತು 10.2ರ ವ್ಯತ್ಯಾಸ ತಿಳಿಯದು. 7 ಮತ್ತು 10ರ ಬಫರಿನಲ್ಲಿ ಸರಿಹೊಂದಿಸಿದ ಮೀಟರು ಬೇಕು, ದ್ರಾವಣವನ್ನು ಕೋಣೆಯ ಉಷ್ಣತೆಗೆ ತಣಿಸಿ ಓದಬೇಕು. ಪಿಎಚ್ ತುಸು ಏರಿದ್ದರೆ ಚಿಟಿಕೆ ಚಿಟಿಕೆಯಾಗಿ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ಅದನ್ನು ಇಳಿಸುತ್ತದೆ.

3. ಉಷ್ಣತೆ. ಇಲ್ಲಿನ ಭಯ ಸಕಾರಣವಾದದ್ದು. ಆದರೆ ಗಮನಿಸಿ, ಇದು ಬೆರೆಸುವವನ ಸಮಸ್ಯೆಯಲ್ಲ, ತೊಳೆಯುವವನ ಸಮಸ್ಯೆ. ಕಂಪನಿಯ ಕಿಟ್ ತಂದವನಿಗೂ ಇದೇ 37.8, ಇದೇ 3 ನಿಮಿಷ 15 ಸೆಕೆಂಡು. ಕಿಟ್ ಬಳಸುವುದನ್ನು ಒಪ್ಪಿ, ಸ್ವಂತ ಮಿಶ್ರಣವನ್ನು ಉಷ್ಣತೆಯ ಕಾರಣ ಕೊಟ್ಟು ನಿರಾಕರಿಸುವುದು ವಾದವಾಗುವುದಿಲ್ಲ. ದೊಡ್ಡ ಬಕೆಟ್ ಬಿಸಿನೀರಿನಲ್ಲಿ ಬಾಟಲಿ, ಟ್ಯಾಂಕು ಎರಡನ್ನೂ ಮೊದಲೇ ಕಾಯಿಸಿಟ್ಟರೆ ಮೂರು ನಿಮಿಷದ ಮಟ್ಟಿಗೆ ಉಷ್ಣತೆ ಹೆಚ್ಚು ಕದಲುವುದಿಲ್ಲ. ತಣ್ಣನೆಯ ಟ್ಯಾಂಕಿಗೆ ಬಿಸಿ ದ್ರಾವಣ ಸುರಿಯುವುದೇ ದೊಡ್ಡ ತಪ್ಪು. ಕಲಬುರಗಿ, ರಾಯಚೂರುಗಳ ಮೇ ತಿಂಗಳ ಮಧ್ಯಾಹ್ನದಲ್ಲಿ ನೀರನ್ನು ಕಾಯಿಸುವುದಕ್ಕಿಂತ ತಣಿಸುವ ಕೆಲಸವೇ ಎದುರಾದೀತು.

ನೀರಿನ ಮಾತೂ ಇಲ್ಲಿ ಬರಬೇಕು. ಗಡಸು ನೀರಿಗೆ ಕಾರ್ಬೊನೇಟ್ ಬಿದ್ದರೆ ಸುಣ್ಣದ ಬಿಳಿ ಗಸಿ ಕೂರುತ್ತದೆ, ಅದು ಫಿಲ್ಮಿನ ಮೇಲೆ ಅಂಟುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರಿನಲ್ಲಿ ಕಟ್ಟುವ ಬಿಳಿ ಪದರವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಡೆವಲಪರಿಗಾದರೂ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಒ ನೀರು ಬಳಸುವುದು ಲೇಸು. ಕರಗಿಸುವ ಕ್ರಮವೂ ಮುಖ್ಯ: ಕಾರ್ಬೊನೇಟ್, ಸಲ್ಫೈಟ್, ಬ್ರೋಮೈಡ್, ಹೈಡ್ರಾಕ್ಸಿಲಮೀನ್ ಎಲ್ಲ ತಿಳಿಯಾಗಿ ಕರಗಿದ ಮೇಲೆ, ಎಲ್ಲಕ್ಕೂ ಕೊನೆಯಲ್ಲಿ ಸಿಡಿ-4. ಕಾವಲಿಲ್ಲದ ಕ್ಷಾರದಲ್ಲಿ ಅದನ್ನು ಮೊದಲೇ ಸುರಿದರೆ ಗಾಳಿಗೇ ಕೆಡತೊಡಗುತ್ತದೆ. ದ್ರಾವಣ ತುಸು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಗಾಢವಾಗಿ ಕಂದಿದರೆ ಬಳಸಬೇಡಿ.

ಡೆವಲಪರ್ ಆದಮೇಲಿನ ಹಂತಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ನನ್ನ ವಾದಕ್ಕೆ ದೊಡ್ಡ ಆಸರೆ ಅಲ್ಲೇ ಇದೆ. ಬ್ಲೀಚು ಲೋಹದ ಬೆಳ್ಳಿಯನ್ನು ಮತ್ತೆ ಲವಣವಾಗಿಸುತ್ತದೆ, ಫಿಕ್ಸರ್ ಅದನ್ನು ಕರಗಿಸಿ ಹೊರಹಾಕುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ. ಈ ಎರಡೂ ಕ್ರಿಯೆಗಳು ಪೂರ್ತಿಯಾಗುವವರೆಗೆ ನಡೆಯಬೇಕಾದವು. ಎರಡು ನಿಮಿಷ ಹೆಚ್ಚಾದರೆ ನಷ್ಟವಿಲ್ಲ, ಉಷ್ಣತೆ ಮೂರು ಡಿಗ್ರಿ ಇಳಿದರೆ ಸಮಯ ಹೆಚ್ಚಿಸಿದರಾಯಿತು, ಬೆಳ್ಳಿ ಉಳಿದುಬಿಟ್ಟಿದ್ದರೆ ತಿಂಗಳ ಮೇಲೂ ಮತ್ತೆ ಬ್ಲೀಚು ಮಾಡಬಹುದು. ಮನೆಯಲ್ಲಿ ಬಳಸುವವರಿಗೆಂದು ಮಾರುವ ಹೆಚ್ಚಿನ ಕಿಟ್ಟುಗಳಲ್ಲಿ ಬ್ಲೀಚು, ಫಿಕ್ಸರ್ ಎರಡನ್ನೂ ಒಂದೇ ಬಾಟಲಿಗೆ ಸೇರಿಸಿ ‘ಬ್ಲಿಕ್ಸ್’ ಮಾಡಿರುತ್ತಾರೆ. ಅದು ಅನುಕೂಲಕ್ಕೆ ಮಾಡಿಕೊಂಡ ರಾಜಿ. ಬ್ಲೀಚಿನ ಕಬ್ಬಿಣ ತನ್ನ ಪಕ್ಕದ ಸಲ್ಫೈಟನ್ನೂ ಥಯೋಸಲ್ಫೇಟನ್ನೂ ಉತ್ಕರ್ಷಿಸುತ್ತಾ ಹೋಗುವುದರಿಂದ ಆ ಮಿಶ್ರಣದ ಆಯುಸ್ಸು ಕಡಿಮೆ. ಅದು ದಣಿದಾಗ ಫಿಲ್ಮಿನಲ್ಲಿ ಬೆಳ್ಳಿ ಉಳಿದು ಬಣ್ಣ ಮಂಕಾಗುತ್ತದೆ. ಕೊಡಕ್ ನಿಗದಿ ಮಾಡಿದ ಸಿ-41ರಲ್ಲಿ ಬ್ಲೀಚು ಬೇರೆ, ಫಿಕ್ಸರ್ ಬೇರೆ. ಹಾಗಾಗಿ ಎರಡನ್ನೂ ಪ್ರತ್ಯೇಕವಾಗಿ ಬೆರೆಸಿಕೊಳ್ಳುವವನು ಈ ಅರ್ಧದಲ್ಲಿ ಕಿಟ್ ಕೊಂಡವನಿಗಿಂತ ಮೂಲ ನಿಯಮಕ್ಕೆ ಹೆಚ್ಚು ನಿಷ್ಠನಾಗಿರುತ್ತಾನೆ. ಪೊಟ್ಯಾಸಿಯಂ ಫೆರಿಸಯನೈಡಿನ ಹಳೆಯ ಬ್ಲೀಚು ಬಳಸುವವರು ಮಾತ್ರ ಅದಕ್ಕೆ ಮುಂಚೆ ಸ್ಟಾಪ್ ಬಾತ್ ಕೊಟ್ಟು ಚೆನ್ನಾಗಿ ತೊಳೆಯಬೇಕು. ಪದರದಲ್ಲಿ ಉಳಿದ ಡೆವಲಪರನ್ನು ಅದು ಕ್ಷಣದಲ್ಲಿ ಉತ್ಕರ್ಷಿಸಿ ಇಡೀ ನೆಗೆಟಿವಿಗೆ ಬಣ್ಣದ ಮಬ್ಬು ಹಿಡಿಸುತ್ತದೆ. ಫಿಕ್ಸರ್ ಮುಟ್ಟಿದ ಲೋಟ ಡೆವಲಪರಿನ ಹತ್ತಿರ ಸುಳಿಯಬಾರದು. ಕೆಲವೇ ಹನಿಗಳು ಸಾಕು ಅದನ್ನು ಕೆಡಿಸಲು. ಕೊನೆಯ ಸ್ಟೆಬಿಲೈಜರನ್ನು ಬಿಡಲೂಬಾರದು. ಹಳೆಯ ಫಿಲ್ಮುಗಳಲ್ಲಿ ಮೆಜೆಂಟಾ ಬಣ್ಣ ಕಾಲಕ್ರಮದಲ್ಲಿ ಮಾಸದಂತೆ ಫಾರ್ಮಾಲ್ಡಿಹೈಡ್ ಕಾಯುತ್ತಿತ್ತು; ಹೊಸ ಫಿಲ್ಮುಗಳಿಗೆ ಅದು ಬೇಡ, ಆದರೆ ಬೂಸು ತಡೆಯುವ ಕೊನೆಯ ತೊಳೆತ ಬೇಕು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ನೆಗೆಟಿವ್ ಇಟ್ಟುಕೊಂಡವರಿಗೆ ಅದು ಯಾಕೆಂದು ಗೊತ್ತು.

ಈಗ ನನಗೆ ಅತಿ ಬಲವಾಗಿ ಕಾಣುವ ಆಕ್ಷೇಪ. ಮನೆಯ ದ್ರಾವಣ ಸರಿಯಿದೆ ಎಂದು ಗೊತ್ತಾಗುವುದು ಹೇಗೆ? ‘ನನ್ನ ಚಿತ್ರ ಚೆನ್ನಾಗಿ ಬಂದಿದೆ’ ಎಂಬುದೇ ಸಾಮಾನ್ಯವಾಗಿ ಕೇಳಿಬರುವ ಪುರಾವೆ. ಇದು ಪುರಾವೆಯೇ ಅಲ್ಲ, ಮತ್ತು ಮನೆಮಿಶ್ರಣದ ಪರವಾಗಿರುವವರು ಇದನ್ನು ಒಪ್ಪಿಕೊಳ್ಳದಿರುವುದು ಅವರ ವಾದದ ದೊಡ್ಡ ದೌರ್ಬಲ್ಯ. ಸ್ಕ್ಯಾನರಿನ ತಂತ್ರಾಂಶ ಬಣ್ಣವನ್ನು ತಾನೇ ಸರಿದೂಗಿಸಿಬಿಡುತ್ತದೆ; ಕೆಟ್ಟ ನೆಗೆಟಿವಿನಿಂದಲೂ ಕಣ್ಣಿಗೆ ಹಿತವಾದ ಚಿತ್ರ ತೆಗೆಯಬಹುದು. ಮೂರು ಪದರಗಳ ಸಾಂದ್ರತೆ ಒಟ್ಟಾಗಿ ಹೆಚ್ಚೋ ಕಡಿಮೆಯೋ ಆಗಿದ್ದರೆ ಅದು ಸಣ್ಣ ದೋಷ, ಪ್ರಿಂಟ್ ಮಾಡುವಾಗ ಫಿಲ್ಟರಿನಿಂದ ಸರಿಹೋಗುತ್ತದೆ. ಮೂರು ಪದರಗಳ ಕಾಂಟ್ರಾಸ್ಟೇ ಬೇರೆಬೇರೆಯಾಗಿಬಿಟ್ಟಿದ್ದರೆ ಅದು ಕ್ರಾಸ್‌ಓವರ್: ನೆರಳು ಹಸಿರಿಗೆ ವಾಲುತ್ತದೆ, ಬೆಳಕಿನ ಭಾಗ ಗುಲಾಬಿಗೆ ವಾಲುತ್ತದೆ. ಮೂವರು ಬೇರೆ ಬೇರೆ ವೇಗದಲ್ಲಿ ಓಡುತ್ತಿದ್ದರೆ ಒಬ್ಬನನ್ನು ಎಷ್ಟು ಮುಂದೆ ನಿಲ್ಲಿಸಿ ಹೊರಡಿಸಿದರೂ ದಾರಿಯುದ್ದಕ್ಕೂ ಅವರು ಜೊತೆಯಾಗಿರುವುದಿಲ್ಲವಲ್ಲ, ಹಾಗೆ ಯಾವ ಫಿಲ್ಟರೂ ಇದನ್ನು ತಿದ್ದಲಾರದು. ಕಂಪ್ಯೂಟರಿನಲ್ಲಿ ಒಂದೊಂದು ಬಣ್ಣದ ರೇಖೆಯನ್ನೂ ಬೇರೆ ಬೇರೆ ಬಗ್ಗಿಸಿ ಸ್ವಲ್ಪ ತಿದ್ದಬಹುದು. ಆದರೆ ತಿದ್ದಬೇಕಾಯಿತೆಂದರೆ ದ್ರಾವಣ ತಪ್ಪಿತ್ತು ಎಂದೇ ಅರ್ಥ. ಉತ್ತರ ಪರೀಕ್ಷೆಯಲ್ಲಿದೆ. ಒಂದೇ ರೋಲಿನಲ್ಲಿ ಬೂದು ಬಣ್ಣದ ಹಲಗೆಯನ್ನು ಒಂದೇ ಬೆಳಕಿನಲ್ಲಿ, ಒಂದೊಂದು ಸ್ಟಾಪ್ ಏರಿಸುತ್ತಾ ತೆಗೆಯಿರಿ. ರೋಲಿನ ಮೊದಲರ್ಧದಲ್ಲೂ ಉಳಿದರ್ಧದಲ್ಲೂ ಅದೇ ಸರಣಿ ಇರಲಿ. ಕತ್ತಲಲ್ಲಿ ಕತ್ತರಿಸಿ ಅರ್ಧವನ್ನು ಒಳ್ಳೆಯ ಲ್ಯಾಬಿಗೋ ಹೊಸ ಕಿಟ್ಟಿಗೋ ಕೊಡಿ, ಅರ್ಧವನ್ನು ನಿಮ್ಮ ದ್ರಾವಣದಲ್ಲಿ ತೊಳೆಯಿರಿ. ಎರಡನ್ನೂ ತಂತ್ರಾಂಶದ ಸ್ವಯಂ ತಿದ್ದುಪಡಿ ನಿಲ್ಲಿಸಿ ಒಂದೇ ಅಳತೆಯಲ್ಲಿ ಸ್ಕ್ಯಾನ್ ಮಾಡಿ, ಮೂರು ಬಣ್ಣಗಳ ಅಂತರ ನೆರಳಿನಿಂದ ಬೆಳಕಿನವರೆಗೆ ಸಮನಾಗಿ ಉಳಿದಿದೆಯೇ ನೋಡಿ. ಉಳಿದಿದ್ದರೆ ದ್ರಾವಣ ಸರಿ; ಇಲ್ಲದಿದ್ದರೆ ಚಿತ್ರ ಎಷ್ಟೇ ಚಂದವಿದ್ದರೂ ತಪ್ಪು. ಈ ಪರೀಕ್ಷೆ ಮಾಡಲು ಒಪ್ಪದವರು ಬಣ್ಣದ ದ್ರಾವಣ ಬೆರೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೋದ ಚಿತ್ರ ಮತ್ತೆ ಸಿಗದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ಎಲ್ಲರೂ ಫಿಲ್ಮಿನಿಂದ ಶುರುಮಾಡುವುದು ತಪ್ಪು, ಬಣ್ಣದ ಪ್ರಿಂಟ್ ತೆಗೆಯುವ ಕಾಗದದಿಂದ ಶುರುಮಾಡಬೇಕು. ಆರ್‌ಎ-4 ಎಂಬ ಸಂಸ್ಕರಣೆಯ ಈ ಕಾಗದದ ಎಮಲ್ಷನ್ ಬಹುಪಾಲು ಕ್ಲೋರೈಡಿನದು, ಬೇಗ ಬೆಳೆಯುವಂಥದ್ದು. 35 ಡಿಗ್ರಿಯಲ್ಲಿ 45 ಸೆಕೆಂಡು ಎಂಬುದು ನಿಯಮ, ಉಷ್ಣತೆ ಇಳಿದರೆ ಸಮಯ ಹೆಚ್ಚಿಸಬಹುದು. ಕ್ರಿಯೆ ಬಹುಮಟ್ಟಿಗೆ ಪೂರ್ತಿಯಾಗುವವರೆಗೆ ನಡೆಯುವುದರಿಂದ ಹತ್ತು ಸೆಕೆಂಡು ಹೆಚ್ಚಾದರೂ ಸಹಿಸುತ್ತದೆ. ಒಂದು ಹಾಳೆ ಕೆಟ್ಟರೆ ಅದೇ ನೆಗೆಟಿವಿನಿಂದ ಇನ್ನೊಂದು ತೆಗೆಯಬಹುದು. ಎನ್‌ಲಾರ್ಜರಿನ ಫಿಲ್ಟರ್ ತಿರುಗಿಸಿ ಬಣ್ಣ ತಿದ್ದಬಹುದು. ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಇದರ ಡೆವಲಪರಿನ ಮುಖ್ಯ ವಸ್ತು ಸಿಡಿ-3. ಫಿಲ್ಮಿನ ಸೂತ್ರವನ್ನು ನಕಲು ಮಾಡಿ ಇದಕ್ಕೆ ಬ್ರೋಮೈಡ್ ಸೇರಿಸಿದರೆ ಕ್ಲೋರೈಡ್ ಕಾಗದ ಮಂಕಾಗಿ ನಿಲ್ಲುತ್ತದೆ, ಅದೊಂದು ಎಚ್ಚರ ಸಾಕು. ಕಾಗದದಲ್ಲಿ ಕೈ ಪಳಗಿದವನಿಗೆ ತೂಕ, ಪಿಎಚ್, ಕ್ರಮ ಎಲ್ಲ ರೂಢಿಯಾಗಿರುತ್ತದೆ. ಆಮೇಲೆ ಫಿಲ್ಮು, ಅದರಲ್ಲೂ ಮೊದಲು ಬೂದು ಹಲಗೆಯ ಫಿಲ್ಮು. ಮಗಳ ಮದುವೆಯ ರೋಲು ಬಹಳ ಆಮೇಲೆ.

ಹಣ ಉಳಿಯುತ್ತದೆ ಎಂಬುದು ಮನೆಮಿಶ್ರಣದ ಪರವಾಗಿ ಹೇಳುವ ಮೊದಲ ಮಾತು. ನನಗದು ದುರ್ಬಲವಾಗಿ ಕಾಣುತ್ತದೆ. ವರ್ಷಕ್ಕೆ ಹತ್ತು ರೋಲು ತೆಗೆಯುವವನು ತಕ್ಕಡಿ, ಮೀಟರು, ಬಫರು, ಆರೇಳು ಡಬ್ಬಿ ರಾಸಾಯನಿಕ ಕೊಂಡು, ಪರೀಕ್ಷೆಗೆ ಫಿಲ್ಮು ಖರ್ಚುಮಾಡಿ ಉಳಿಸುವುದು ಏನೂ ಇಲ್ಲ. ನಿಜವಾದ ಕಾರಣ ಬೇರೆ. ದ್ರವದ ಕಿಟ್ಟು ಎಲ್ಲೋ ತಯಾರಾಗಿ, ಕೊರಿಯರ್, ಕಸ್ಟಮ್ಸ್ ದಾಟಿ ನಮ್ಮ ಕೈಗೆ ಬರುವಾಗ ಅದರ ಆಯುಸ್ಸು ಅರ್ಧ ಕಳೆದಿರಬಹುದು. ತೆರೆದ ಮೇಲಂತೂ ಲೆಕ್ಕ ವಾರಗಳದ್ದು. ಬಿಗಿಯಾಗಿ ಮುಚ್ಚಿದ ಪುಡಿಗಳು ವರ್ಷಗಟ್ಟಲೆ ಇರುತ್ತವೆ, ಬೇಕಾದ ದಿನ ಬೇಕಾದಷ್ಟೇ ಬೆರೆಸಬಹುದು. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ 1967ರಿಂದ ‘ಇಂದು’ ಹೆಸರಿನಲ್ಲಿ ಕಪ್ಪು-ಬಿಳುಪಿನ ಫಿಲ್ಮು, ಕಾಗದ ಒದಗಿಸಿತು. ಬಣ್ಣದ ಮಟ್ಟಿಗೆ ನಾವು ಹೊರದೇಶದ ಸರಕಿಗೆ ಕಾಯುತ್ತಲೇ ಬಂದಿದ್ದೇವೆ. ಸಿಡಿ-4ರ ಒಂದು ಸಣ್ಣ ಡಬ್ಬಿಯ ಹೊರತು ಉಳಿದೆಲ್ಲ ಲವಣಗಳು ನಮ್ಮ ರಾಸಾಯನಿಕ ಅಂಗಡಿಗಳಲ್ಲಿ ಸಿಗುವಂಥವು.

ವಿಷದ ಪ್ರಶ್ನೆಗೆ ಬಂದರೆ, ಇಲ್ಲಿ ಸಮಾಧಾನ ಹೇಳುವುದು ನನ್ನ ಉದ್ದೇಶವಲ್ಲ. ಸಿಡಿ-3, ಸಿಡಿ-4 ಎರಡೂ ಪ್ಯಾರಾ-ಫಿನೈಲಿನ್‌ಡಯಮೀನ್ ಕುಲಕ್ಕೆ ಸೇರಿದವು. ಕೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿರುವುದೂ ಅದೇ ಕುಲ. ಚರ್ಮದ ಅಲರ್ಜಿ ಒಮ್ಮೆ ಹತ್ತಿದರೆ ಜೀವಮಾನ ಬಿಡದು. ಕೂದಲಿನ ಬಣ್ಣಕ್ಕೆ ತುರಿಕೆಯೋ ಬಾವೋ ಬಂದಿದ್ದವರು ಈ ಕೆಲಸಕ್ಕೆ ಕೈಹಾಕಲೇಬಾರದು. ಪುಡಿ ತೂಗುವಾಗ ಕೈಗವಸು, ಮುಖಗವಸು, ಕಿಟಕಿ ತೆರೆದ ಕೋಣೆ, ಅಡುಗೆಗೆ ಮತ್ತೆ ಹೋಗದ ಪಾತ್ರೆ. ತಂಪುಪಾನೀಯದ ಬಾಟಲಿಯಲ್ಲಿ ದ್ರಾವಣ ತುಂಬಿಡುವುದು ಮಕ್ಕಳಿರುವ ಮನೆಯಲ್ಲಿ ಅಪರಾಧಕ್ಕೆ ಸಮ. ಫೆರಿಸಯನೈಡ್ ಸುಮ್ಮನಿದ್ದಾಗ ಅಷ್ಟು ಅಪಾಯಕಾರಿಯಲ್ಲ; ಪ್ರಬಲ ಆಮ್ಲ ಸೇರಿ ಬಿಸಿಯಾದರೆ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಈ ಅಪಾಯಗಳು ಕಿಟ್ಟಿನಲ್ಲೂ ಬಹುಪಾಲು ಇವೆ. ಒಣ ಪುಡಿಯ ಧೂಳು ಮಾತ್ರ ಬೆರೆಸುವವನಿಗೆ ಹೆಚ್ಚುವರಿಯಾಗಿ ಬರುವ ಅಪಾಯ, ಅದನ್ನು ಮುಚ್ಚಿಡಬಾರದು.

ನನ್ನ ವಾದ ಸ್ಲೈಡ್ ಫಿಲ್ಮಿನ ಇ-6ಕ್ಕೆ ಹಿಗ್ಗುವುದಿಲ್ಲ. ಅಲ್ಲಿ ಟ್ಯಾಂಕಿನಿಂದ ಹೊರಬಂದ ಫಿಲ್ಮೇ ಅಂತಿಮ ಚಿತ್ರ; ನಡುವೆ ಫಿಲ್ಟರ್ ತಿರುಗಿಸಿ ತಿದ್ದುವ ಹಂತವಿಲ್ಲ, ಎರಡು ಡೆವಲಪರುಗಳ ತಪ್ಪುಗಳು ಒಂದರ ಮೇಲೊಂದು ಕೂಡುತ್ತವೆ. ಮಾಡುವವರು ಮಾಡುತ್ತಾರೆ, ಆದರೆ ನೆಗೆಟಿವಿನ ವಿಷಯದಲ್ಲಿ ನಾನು ಹೇಳಿದ ಸಡಿಲಿಕೆಗಳು ಅಲ್ಲಿಲ್ಲ.

ಪೂರ್ತಿ ಉತ್ತರ ನನ್ನಲ್ಲಿಲ್ಲದ ಆಕ್ಷೇಪವೊಂದು ಉಳಿದಿದೆ: ಬಳಸಿದ ದ್ರಾವಣ ಎಲ್ಲಿಗೆ ಹೋಗಬೇಕು? ಬಳಸಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿ ಇದೆ. ಅದರಲ್ಲಿ ಸ್ಟೀಲ್ ವೂಲ್ ನೆನೆಹಾಕಿದರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಇಳಿಯುತ್ತದೆ, ಬಹುಪಾಲು ಬೆಳ್ಳಿಯನ್ನು ಹೀಗೆ ಹಿಡಿಯಬಹುದು. ಬ್ಲೀಚಿನಲ್ಲಿರುವ ಕಬ್ಬಿಣದ ಇಡಿಟಿಎ ಎಂಬ ಸಂಯುಕ್ತಕ್ಕೆ ಅಂಥ ಸುಲಭ ದಾರಿಯಿಲ್ಲ; ಅದು ಬೇಗ ಕೊಳೆಯುವುದಿಲ್ಲ, ಬೇರೆ ಲೋಹಗಳನ್ನೂ ಎತ್ತಿಕೊಂಡು ಸಾಗುತ್ತದೆ. ಬೆಂಗಳೂರಿನಲ್ಲಿ ಚರಂಡಿಗೆ ಬಿಟ್ಟದ್ದು ಹಲವೆಡೆ ಕೆರೆಗೇ ಸೇರುತ್ತದೆ, ಹಳ್ಳಿಯ ಮನೆಯಲ್ಲಿ ಪಿಟ್ಟಿಗೆ, ಅಲ್ಲಿಂದ ಬಾವಿಗೆ. ಒಬ್ಬನ ಒಂದೆರಡು ಲೀಟರಿನಿಂದ ಏನಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಲ್ಯಾಬಿಗೆ ಕಾನೂನಿನ ಕಣ್ಗಾವಲಾದರೂ ಇದೆ, ಮನೆಗೆ ಅದೂ ಇಲ್ಲ. ಬ್ಲೀಚಿಗೆ ಗಾಳಿ ಆಡಿಸಿದರೆ ಅದು ಮತ್ತೆ ಚೇತರಿಸಿಕೊಳ್ಳುತ್ತದೆ, ಬಹುಕಾಲ ಬಳಸಬಹುದು. ಚೆಲ್ಲಬೇಕಾದ ಪ್ರಮಾಣ ಅಷ್ಟರಮಟ್ಟಿಗೆ ಇಳಿಯುತ್ತದೆ. ಉಳಿದದ್ದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವವರಿಗೋ ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೋ ಒಪ್ಪಿಸುವುದು ಬಿಟ್ಟರೆ ಈಗ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಆ ಕ್ಯಾನು ಮತ್ತು ಅದನ್ನು ಪಡೆಯುವವರ ವಿಳಾಸ ಎರಡನ್ನೂ ಮೊದಲ ಡಬ್ಬಿ ಸಿಡಿ-4 ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.